ಪಿಕಪ್ ಕಳೆದುಕೊಂಡ ಕಾರು: ನಾಲ್ಕು ವಾರಗಳ ದುರಸ್ತಿ ದಿನಚರಿ

ಗಾಡಿಯ ವಿವರ ಮೊದಲು. 2013ರ ಮಾಡೆಲ್, 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಟರ್ಬೊ ಇಲ್ಲ, ಗೇರ್ ಐದು, ಓಡಿದ್ದು 87,400 ಕಿ.ಮೀ. ಆಕ್ಸಿಲರೇಟರಿಗೆ ಕೇಬಲ್ ಇಲ್ಲ. ಪೆಡಲಿನ ಬುಡದಲ್ಲಿರುವ ಸೆನ್ಸರನ್ನು ಓದಿಕೊಂಡು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಒಂದು ಸಣ್ಣ ಮೋಟರಿನಿಂದ ಥ್ರಾಟಲಿನ ತಟ್ಟೆಯನ್ನು, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಬಾಗಿಲನ್ನು, ತಿರುಗಿಸುತ್ತದೆ. ನಮ್ಮ ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಅಡಿಕೆ ಕಣದ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು; ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡುತ್ತಿದ್ದುದು ಬಿಟ್ಟರೆ ಓಡಿಸಿದ್ದು ಬಹಳ ಕಡಿಮೆ.

ಅಕ್ಟೋಬರ್ 6, 2024, ಭಾನುವಾರ: ದೋಷ ಕಂಡದ್ದು

ಉಡುಪಿಯಿಂದ ಹೆಬ್ರಿ, ಸೋಮೇಶ್ವರದ ಮೇಲೆ ಮರಳುವಾಗ ಆಗುಂಬೆ ಘಾಟಿಯಲ್ಲಿ ಗಾಡಿ ಎಳೆಯಲಿಲ್ಲ. ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಹೆಚ್ಚಿನವನ್ನು ಎರಡನೆಯ ಗೇರಿನಲ್ಲೇ ದಾಟುತ್ತಿದ್ದ ಕಾರು ಆ ದಿನ ಪ್ರತಿ ತಿರುವಿನಲ್ಲೂ ಮೊದಲನೆಯ ಗೇರ್ ಕೇಳಿತು. ಪೆಡಲನ್ನು ನೆಲಕ್ಕೆ ತುಳಿದರೂ ಎಂಜಿನ್ 2,800 ಆರ್‌ಪಿಎಂ ಹತ್ತಿರ ಬಂದು ಅಲ್ಲೇ ಸುಸ್ತಾಗುತ್ತಿತ್ತು. ಚೆಕ್ ಎಂಜಿನ್ ದೀಪ ಉರಿಯಲಿಲ್ಲ, ಮಿಸ್‌ಫೈರ್ ಆಗಲಿಲ್ಲ, ಹೊಗೆ ಬರಲಿಲ್ಲ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ರೇಸ್ ಮಾಡಿದರೆ ಎಂಜಿನ್ ಎಂದಿನಂತೆ ಚುರುಕಾಗಿ ಮೇಲೇರುತ್ತಿತ್ತು. ಕಿಟಕಿ ಇಳಿಸಿದ್ದಾಗ ಬಾನೆಟ್ ಕಡೆಯಿಂದ ತೆಳುವಾದ ಸುಂಯ್ ಎಂಬ ಸದ್ದು ಕೇಳಿದ್ದು ನಿಜ. ಅದನ್ನು ಗಾಳಿಯದೆಂದು ಬಿಟ್ಟುಬಿಟ್ಟೆ.

ಕ್ಲಚ್ ಜಾರುತ್ತಿದೆಯೇ ಎಂಬ ಸಂಶಯಕ್ಕೆ ಅಲ್ಲಿಯೇ ಉತ್ತರ ಸಿಕ್ಕಿತು. ಕ್ಲಚ್ ಜಾರಿದರೆ ಎಂಜಿನ್ ಮೇಲೇರಿ ವೇಗ ಹಿಂದೆ ಉಳಿಯಬೇಕು. ಇಲ್ಲಿ ಎಂಜಿನ್ನೇ ಏರುತ್ತಿರಲಿಲ್ಲ. ಮನೆಗೆ ಬಂದ ಕೂಡಲೇ ನಾಲ್ಕೂ ಚಕ್ರಗಳ ರಿಮ್ ಮುಟ್ಟಿ ನೋಡಿದೆ. ಯಾವುದೂ ಉಳಿದವುಗಳಿಗಿಂತ ಹೆಚ್ಚು ಬಿಸಿಯಿರಲಿಲ್ಲವಾದ್ದರಿಂದ ಬ್ರೇಕ್ ಹಿಡಿದುಕೊಂಡಿರುವ ಸಾಧ್ಯತೆಯನ್ನೂ ಕೈಬಿಟ್ಟೆ.

ಮರುದಿನ ಮುಂಜಾನೆ, ವಾಹನ ಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಗಂಟೆಗೆ 40ರಿಂದ 80 ಕಿ.ಮೀ. ಮುಟ್ಟಲು ಹಿಡಿಯುವ ಸಮಯವನ್ನು ಮೂರು ಸಲ ಅಳೆದೆ: 17.8, 18.1, 17.6 ಸೆಕೆಂಡು. ಮೊದಲು ಎಷ್ಟಿತ್ತೆಂದು ಎಂದೂ ಅಳೆದಿರಲಿಲ್ಲ. ಆದರೂ ಈ ಅಳತೆ ಮುಂದೆ ಬಹಳ ಉಪಯೋಗಕ್ಕೆ ಬಂತು; ಇದಿಲ್ಲದಿದ್ದರೆ ಪ್ರತಿ ಸಲ ಏನಾದರೂ ಬದಲಾಯಿಸಿದಾಗ 'ಸ್ವಲ್ಪ ಸುಧಾರಿಸಿದೆ' ಎಂದು ನನ್ನನ್ನು ನಾನೇ ನಂಬಿಸಿಕೊಳ್ಳುತ್ತಿದ್ದೆ.

ಅಕ್ಟೋಬರ್ 9: ಮೊದಲ ತಪ್ಪು, 450 ರೂಪಾಯಿ

ಎಥನಾಲ್ ಬೆರೆಸಿದ ಪೆಟ್ರೋಲಿನ ಮೇಲೆ ಎಲ್ಲರೂ ಹೊರಿಸುವ ಆರೋಪವನ್ನು ನಾನೂ ಹೊರಿಸಿ, ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರಿನ ಬಾಟಲಿಯೊಂದನ್ನು ತಂದು ಸುರಿದೆ. ನೂರು ಕಿ.ಮೀ. ಓಡಿಸಿದ ಮೇಲೆ ಅಳೆದರೆ 17.7 ಸೆಕೆಂಡು. ಇದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ.

ಅಕ್ಟೋಬರ್ 11: ಆಯುಧಪೂಜೆ, ಒರೆಸಿಹಾಕಿದ ಸುಳಿವು

ಪೂಜೆಗೆಂದು ಕಾರು ತೊಳೆದು ಬಾನೆಟ್ ಎತ್ತಿದಾಗ ಬ್ಯಾಟರಿಯ ಮೇಲೆ ಇಲಿಯ ಹಿಕ್ಕೆಗಳೂ ಒಂದು ಹಿಡಿಯಷ್ಟು ಅಡಿಕೆ ಸಿಪ್ಪೆಯ ನಾರೂ ಬಿದ್ದಿದ್ದವು. ಬಾನೆಟ್ಟಿನ ಒಳಭಾಗದ ಸ್ಪಂಜನ್ನು ಅಂಗೈ ಅಗಲದಷ್ಟು ಕಚ್ಚಿ ಹಾಕಿತ್ತು. ವೈರುಗಳನ್ನು ಕಡಿದಿದೆಯೋ ಎಂದು ಕಣ್ಣಾಡಿಸಿದೆ, ಎಲ್ಲೂ ಕಡಿದಿರಲಿಲ್ಲ. ಒದ್ದೆ ಬಟ್ಟೆಯಿಂದ ಎಲ್ಲವನ್ನೂ ಚೊಕ್ಕಟವಾಗಿ ಒರೆಸಿ, ಕುಂಕುಮವಿಟ್ಟು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದೆ. ಇಲಿ ಬಂದಿದ್ದರೆ ವೈರು ಕಡಿಯುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅದು ನಾರನ್ನೂ ಸ್ಪಂಜನ್ನೂ ಎಲ್ಲಿಗೆ ಹೊತ್ತೊಯ್ದಿರಬಹುದು ಎಂದು ಕೇಳಿಕೊಳ್ಳಲಿಲ್ಲ. ಈ ಇಡೀ ದುರಸ್ತಿಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದು.

ಅಕ್ಟೋಬರ್ 15: ಏರ್ ಫಿಲ್ಟರ್ ಮತ್ತು ಸ್ಪಾರ್ಕ್ ಪ್ಲಗ್

ಫಿಲ್ಟರ್ ಡಬ್ಬಿಯ ನಾಲ್ಕು ಕ್ಲಿಪ್ ಬಿಚ್ಚಿ ಹಳೆಯ ಫಿಲ್ಟರ್ ತೆಗೆದೆ. ಧೂಳು ಹಿಡಿದಿತ್ತು, ಆದರೆ ಬೆಳಕಿಗೆ ಹಿಡಿದರೆ ಮಡಿಕೆಗಳ ನಡುವೆ ಬೆಳಕು ತೂರುತ್ತಿತ್ತು. ಕೊಳೆಯಾಗುವ ಬದಿಯಲ್ಲಿ ಮೂರು ನಾಲ್ಕು ನಾರಿನ ಎಳೆಗಳು ಅಂಟಿಕೊಂಡಿದ್ದವು. ಅವನ್ನೂ ಕಂಡೂ ಕಾಣದಂತೆ ಎಸೆದೆ. ಹೊಸ ಫಿಲ್ಟರಿಗೆ 320 ರೂ.

ಪ್ಲಗ್‌ಗಳನ್ನು 16 ಎಂ.ಎಂ. ಪ್ಲಗ್ ಸಾಕೆಟ್ಟಿನಲ್ಲಿ ಬಿಚ್ಚಿ ಫೀಲರ್ ಗೇಜಿನಿಂದ ಅಳೆದಾಗ ಅಂತರ 1.3 ಎಂ.ಎಂ. ಇತ್ತು; ಕೈಪಿಡಿಯ ಪ್ರಕಾರ 1.0ರಿಂದ 1.1 ಇರಬೇಕು. ಆದ್ದರಿಂದ 720 ರೂ. ಕೊಟ್ಟು ನಾಲ್ಕನ್ನೂ ಬದಲಾಯಿಸಿದ್ದು ತಪ್ಪೆಂದು ಹೇಳಲಾರೆ, ಅವುಗಳ ಸರದಿ ಬಂದಿತ್ತು. ಎಲೆಕ್ಟ್ರೋಡಿನ ಸುತ್ತಲಿನ ಪಿಂಗಾಣಿ ನಾಲ್ಕರಲ್ಲೂ ಒಂದೇ ರೀತಿಯ ತಿಳಿ ಕಂದು ಬಣ್ಣದಲ್ಲಿತ್ತು. ಯಾವ ಸಿಲಿಂಡರಿನಲ್ಲೂ ಮಿಶ್ರಣ ಕೆಟ್ಟಿಲ್ಲವೆಂದು ಅದೇ ಹೇಳುತ್ತಿತ್ತು. ಅಳತೆ: 17.5 ಸೆಕೆಂಡು.

ಅಕ್ಟೋಬರ್ 20: ಥ್ರಾಟಲ್ ಬಾಡಿ ತೊಳೆದದ್ದು ಮತ್ತು ಮರೆತ ಒಂದು ಪೈಪು

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಫಿಲ್ಟರ್ ಡಬ್ಬಿಯಿಂದ ಬರುವ ರಬ್ಬರ್ ಕೊಳವೆಯ ಕ್ಲಾಂಪ್ ಸಡಿಲಿಸಿ, 10 ಎಂ.ಎಂ.ನ ನಾಲ್ಕು ಬೋಲ್ಟ್ ತೆಗೆದು ಥ್ರಾಟಲ್ ಬಾಡಿಯನ್ನು ಕೈಗೆ ತೆಗೆದುಕೊಂಡೆ. ತಟ್ಟೆಯ ಹಿಂಬದಿಯ ಅಂಚಿನಲ್ಲಿ ಕಾಡಿಗೆಯಂತಹ ಜಿಡ್ಡು ಸುತ್ತಲೂ ಕಟ್ಟಿತ್ತು. ಕ್ಲೀನರನ್ನು ನೇರವಾಗಿ ಚಿಮ್ಮಿಸದೆ ಬಟ್ಟೆಗೆ ಹಾಕಿಕೊಂಡು ಒರೆಸಿದೆ, ಏಕೆಂದರೆ ತಟ್ಟೆಯ ದಂಡದ ಮೂಲಕ ದ್ರವ ಮೋಟರಿನ ಕಡೆಗೆ ಇಳಿದರೆ ಸಾವಿರಗಟ್ಟಲೆ ರೂಪಾಯಿಯ ಭಾಗ ಹಾಳಾಗುತ್ತದೆ. ಸ್ಪ್ರೇಗೆ 380, ಹೊಸ ಗ್ಯಾಸ್ಕೆಟ್ಟಿಗೆ 110 ರೂ.

ಜೋಡಿಸಿ ಸ್ಟಾರ್ಟ್ ಮಾಡಿದರೆ ಐಡಲ್, ಅಂದರೆ ಪೆಡಲ್ ತುಳಿಯದಿರುವಾಗಿನ ಎಂಜಿನ್ ವೇಗ, 1,500 ಆರ್‌ಪಿಎಂನಲ್ಲಿ ನಿಂತಿತು. ತಟ್ಟೆ ಶುಚಿಯಾದ ಮೇಲೆ ಇಸಿಯು ಹೊಸದಾಗಿ ಕಲಿಯಬೇಕಾಗುತ್ತದೆ ಎಂದು ಓದಿದ್ದೆ. ಆದ್ದರಿಂದ ಬ್ಯಾಟರಿ ಮತ್ತೆ ಬಿಚ್ಚಿ ಇಪ್ಪತ್ತು ನಿಮಿಷ ಕಾದು, ಕೀ ಹಾಕಿ ಅರ್ಧ ನಿಮಿಷ ಬಿಟ್ಟು, ಎಸಿ ಹಾಕದೆ ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟೆ. ಇಳಿಯಲಿಲ್ಲ. ಎರಡನೆಯ ಸಲ ಅದನ್ನೇ ಮಾಡಿದೆ, ಆಗಲೂ ಇಳಿಯಲಿಲ್ಲ. ಮೋಟರನ್ನೇ ಕೆಡಿಸಿಕೊಂಡೆನೆಂದು ಹೆದರಿ ಬಾನೆಟ್ಟಿನ ಮೇಲೆ ಬಗ್ಗಿ ನಿಂತಾಗ, ಎಂಜಿನ್ನಿನ ಮೇಲಿನ ಕವಾಟದ ಮುಚ್ಚಳದಿಂದ ಮ್ಯಾನಿಫೋಲ್ಡಿಗೆ (ಥ್ರಾಟಲಿನಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ) ಬರುವ ಬೆರಳು ಗಾತ್ರದ ಬ್ರೀದರ್ ಪೈಪು ತನ್ನ ಮೂತಿಯ ಪಕ್ಕದಲ್ಲೇ ಸುಮ್ಮನೆ ಒರಗಿರುವುದು ಕಾಣಿಸಿತು. ಆ ಮೂತಿಯ ಮೇಲೆ ಹೆಬ್ಬೆರಳಿಟ್ಟ ತಕ್ಷಣ ಎಂಜಿನ್ ತಗ್ಗಿತು. ಪೈಪು ಸಿಕ್ಕಿಸಿ ಕ್ಲಿಪ್ ಹಾಕಿದ ಮೇಲೆ ಐಡಲ್ 750ಕ್ಕೆ ಬಂದು ನಿಂತಿತು. ಇದರಲ್ಲಿ ಒಂದೂವರೆ ಗಂಟೆ ಕಳೆಯಿತು. ಬಿಚ್ಚುವ ಮೊದಲು ಒಂದು ಫೋಟೊ ತೆಗೆದಿದ್ದರೆ ಈ ಪ್ಯಾರಾ ಬರೆಯಬೇಕಾಗಿರಲಿಲ್ಲ.

ಫಲಿತಾಂಶ: ನಿಂತಲ್ಲಿಂದ ಹೊರಡುವಾಗ ಪೆಡಲಿನ ಮೊದಲ ಒತ್ತಿಗೆ ಎಂಜಿನ್ ಮೊದಲಿಗಿಂತ ಬೇಗ ಸ್ಪಂದಿಸುತ್ತಿತ್ತು. ಆದರೆ 40ರಿಂದ 80ಕ್ಕೆ 17.4 ಸೆಕೆಂಡು.

ಅಕ್ಟೋಬರ್ 26: ಶಿವಮೊಗ್ಗದ ಗ್ಯಾರೇಜು

ಪೆಟ್ರೋಲಿನ ಒತ್ತಡ ಅಳೆಯುವ ಗೇಜ್ ನನ್ನ ಬಳಿ ಇಲ್ಲದ ಕಾರಣ ಶಿವಮೊಗ್ಗದ ಒಂದು ಗ್ಯಾರೇಜಿಗೆ ಒಯ್ದೆ. ಐಡಲ್‌ನಲ್ಲಿ ಒಂದು ಚದರ ಸೆಂ.ಮೀ.ಗೆ 3.2 ಕಿಲೋ, ರೇಸ್ ಮಾಡಿದಾಗಲೂ ಮುಳ್ಳು ಅಲುಗಲಿಲ್ಲ. ಪಂಪು ಸರಿಯಾಗಿದೆ. ಈ ಪರೀಕ್ಷೆಗೆ 500 ರೂ. ಕೊಟ್ಟದ್ದು ವ್ಯರ್ಥವಲ್ಲ, ಇಂಧನದ ಸಂಶಯ ಅಲ್ಲಿಗೆ ಮುಗಿಯಿತು. ನಂತರ ಮೆಕ್ಯಾನಿಕ್ ಹಿಂಬದಿಯ ಸೈಲೆನ್ಸರಿಗೆ ಕೈ ಅಡ್ಡ ಹಿಡಿದು, "ಸಾರ್, ಕ್ಯಾಟ್ ಜಾಮ್ ಆಗಿದೆ. ಹಾಕಿಸಿಬಿಡಿ, ಇಪ್ಪತ್ತೆಂಟು ಸಾವಿರ ಆಗುತ್ತೆ" ಎಂದರು. ಕ್ಯಾಟ್ ಎಂದರೆ ಸೈಲೆನ್ಸರ್ ದಾರಿಯಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್; ಅದು ಕಟ್ಟಿಕೊಂಡರೆ ನಿಜಕ್ಕೂ ಇಂತಹದೇ ಲಕ್ಷಣ ಕಾಣುತ್ತದೆ. ಆದ್ದರಿಂದ ಅವರ ಊಹೆಯಲ್ಲಿ ಅರ್ಥವಿತ್ತು, ಅಂಗೈಯ ಅಂದಾಜಿನ ಹೊರತು ಅಳತೆ ಮಾತ್ರ ಇರಲಿಲ್ಲ. ದೀಪಾವಳಿ ಕಳೆಯಲಿ ಎಂದು ಹೇಳಿ ಮರಳಿದೆ.

ಅಕ್ಟೋಬರ್ 30: ಮೊದಲ ಬಾರಿಗೆ ಅಂಕಿಗಳು

ಮೊದಲ ದಿನವೇ ಮಾಡಬೇಕಾದದ್ದನ್ನು ಇಪ್ಪತ್ತೈದನೆಯ ದಿನ ಮಾಡಿದೆ. ಇಎಲ್‌ಎಂ327 ಚಿಪ್ಪಿನ ಬ್ಲೂಟೂತ್ ಸ್ಕ್ಯಾನರನ್ನು 750 ರೂಪಾಯಿಗೆ ತರಿಸಿ, ಇಸಿಯುವಿನ ಅಂಕಿಗಳನ್ನು ಓದಲು ಸ್ಟಿಯರಿಂಗ್ ಕೆಳಗೆ ಇರುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸಿದೆ. ಇಂತಹ ಅಗ್ಗದ ಸ್ಕ್ಯಾನರುಗಳು ನಿಧಾನ. ಹತ್ತು ಅಂಕಿಗಳನ್ನು ಒಟ್ಟಿಗೆ ಕೇಳಿದರೆ ಯಾವುದೂ ಸಕಾಲಕ್ಕೆ ಬರುವುದಿಲ್ಲ. ಹಾಗಾಗಿ ಒಂದು ಸಲಕ್ಕೆ ಮೂರೇ ಅಂಕಿಗಳನ್ನು ಇಟ್ಟುಕೊಂಡೆ.

ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಹಾಕಿದಾಗ ಪೆಡಲಿನ ಎರಡು ಸೆನ್ಸರುಗಳು ಬಿಟ್ಟ ಸ್ಥಿತಿಯಲ್ಲಿ ಶೇ. 15.7 ಮತ್ತು 7.8, ಪೂರ್ತಿ ತುಳಿದಾಗ ಶೇ. 78 ಮತ್ತು 39 ತೋರಿಸಿದವು. ಎರಡನೆಯದು ಯಾವಾಗಲೂ ಮೊದಲನೆಯದರ ಅರ್ಧವಿರಬೇಕು, ಇತ್ತು. ನಿಧಾನವಾಗಿ ತುಳಿಯುತ್ತ ಹೋದಾಗ ನಡುವೆ ಎಲ್ಲಿಯೂ ಹಾರಲಿಲ್ಲ. ಕಾಲ ಕೆಳಗಿನ ರಬ್ಬರ್ ಮ್ಯಾಟ್ ತೆಗೆದು ತುಳಿದರೂ ಅಂಕಿ ಅಷ್ಟೇ ಬಂತು. ಪೆಡಲಿನಲ್ಲಿ ದೋಷವಿಲ್ಲ. ಫ್ಯೂಯೆಲ್ ಟ್ರಿಮ್, ಅಂದರೆ ಮಿಶ್ರಣ ಸರಿಯಿಡಲು ಇಸಿಯು ಪೆಟ್ರೋಲಿನ ಪ್ರಮಾಣದಲ್ಲಿ ಮಾಡುವ ಅಲ್ಪಾವಧಿ ಮತ್ತು ದೀರ್ಘಾವಧಿ ತಿದ್ದುಪಡಿ, ಎರಡೂ ಶೇ. 3ರೊಳಗೆ ಇದ್ದವು, ಮಿಶ್ರಣದಲ್ಲೂ ದೋಷವಿಲ್ಲ.

ಇನ್ನು ಉಳಿದದ್ದು ಮ್ಯಾಪ್ ಸೆನ್ಸರ್, ಅಂದರೆ ಥ್ರಾಟಲಿನ ಆಚೆ ಮ್ಯಾನಿಫೋಲ್ಡಿನೊಳಗಿನ ಗಾಳಿಯ ಒತ್ತಡ. ಎಂಜಿನ್ ನಿಂತಿರುವಾಗ ಅದು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್. ಸುಮಾರು 600 ಮೀಟರ್ ಎತ್ತರದ ನಮ್ಮೂರಿನಲ್ಲಿ 94 ಬಂತು, ಸರಿಯಾಗಿದೆ. ಐಡಲ್‌ನಲ್ಲಿ 33, ಅದೂ ಸರಿ. ಥ್ರಾಟಲ್ ಪೂರ್ತಿ ತೆರೆದು ಎಳೆಸುವಾಗ ಈ ಅಂಕಿ ಹೊರಗಿನ ಒತ್ತಡಕ್ಕಿಂತ ಎರಡು ಮೂರು ಕಡಿಮೆ ಇರಬಹುದು, ಅಷ್ಟೇ.

ಅಣ್ಣನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊಬೈಲನ್ನು ಅವನ ಕೈಗೆ ಕೊಟ್ಟು, ಎಷ್ಟು ಆರ್‌ಪಿಎಂಗೆ ಮ್ಯಾಪ್ ಎಷ್ಟೆಂದು ಓದಲು ಹೇಳಿ, ಮೂರನೆಯ ಗೇರಿನಲ್ಲಿ ಪೆಡಲನ್ನು ನೆಲಕ್ಕೆ ತುಳಿದೆ. "ಚಿಕ್ಕಪ್ಪ, ಎರಡು ಸಾವಿರಕ್ಕೆ ಎಂಬತ್ನಾಲ್ಕು" ಎಂದ. ಮೂರು ಸಾವಿರಕ್ಕೆ ಎಪ್ಪತ್ತೊಂದು. "ಏರೋದರ ಬದಲು ಇಳೀತಾ ಇದೆಯಲ್ಲ, ಹಂಗೇ ಬರೀಲಾ?" ಎಂದು ಅವನು ಕೇಳುವಷ್ಟರಲ್ಲಿ ನಾಲ್ಕು ಸಾವಿರಕ್ಕೆ ಐವತ್ತೊಂಬತ್ತು ಆಗಿತ್ತು. ಥ್ರಾಟಲಿನ ಅಂಕಿ ಮಾತ್ರ ಶೇ. 83ರಲ್ಲಿ ಗಟ್ಟಿಯಾಗಿ ನಿಂತಿತ್ತು, ಅಂದರೆ ತಟ್ಟೆ ಪೂರ್ತಿ ತೆರೆದಿದೆ.

ಈ ಮೂರು ಅಂಕಿಗಳಿಂದ ಇಪ್ಪತ್ತೆಂಟು ಸಾವಿರ ರೂಪಾಯಿ ಉಳಿಯಿತು. ಸೈಲೆನ್ಸರ್ ಕಡೆ ಕಟ್ಟಿಕೊಂಡಿದ್ದರೆ ಗಾಳಿ ಹೊರಹೋಗಲಾರದೆ ಮ್ಯಾನಿಫೋಲ್ಡಿನಲ್ಲಿ ತುಂಬಿ ನಿಲ್ಲುತ್ತಿತ್ತು, ಮ್ಯಾಪ್ 90ರ ಮೇಲೆಯೇ ಇರುತ್ತಿತ್ತು. ಇಲ್ಲಿ ಅದು ಬೀಳುತ್ತಿದೆ. ಎಂಜಿನ್ ಎಳೆಯುವಷ್ಟು ಗಾಳಿ ಒಳಗೆ ಬರುತ್ತಲೇ ಇಲ್ಲ. ತಟ್ಟೆ ಪೂರ್ತಿ ತೆರೆದಿರುವುದರಿಂದ ಅಡ್ಡಿ ಇರುವುದು ಥ್ರಾಟಲಿಗೂ ಹೊರಗಿನ ಗಾಳಿಗೂ ನಡುವೆ. ಬರುವ ಗಾಳಿ ಕಡಿಮೆಯಾದಂತೆ ಇಸಿಯು ಪೆಟ್ರೋಲನ್ನೂ ಕಡಿಮೆ ಮಾಡುತ್ತಿದ್ದುದರಿಂದ ಟ್ರಿಮ್ ಕೆಡಲಿಲ್ಲ, ದೀಪವೂ ಉರಿಯಲಿಲ್ಲ.

ನವೆಂಬರ್ 3: ಗೋಪೂಜೆಯ ಮರುದಿನ

ಮೊದಲು ಹೊಸ ಫಿಲ್ಟರನ್ನೇ ತೆಗೆದು, ಡಬ್ಬಿ ಮುಚ್ಚಿ, ಟಾರು ರಸ್ತೆಯಲ್ಲಿ ಅರ್ಧ ಕಿ.ಮೀ. ಓಡಿಸಿದೆ. ಫಿಲ್ಟರಿಲ್ಲದೆ ಮಣ್ಣಿನ ರಸ್ತೆಗೆ ಇಳಿಯಬಾರದು. ಮೂರು ಸಾವಿರಕ್ಕೆ 72, ಫಿಲ್ಟರಿನದೂ ತಪ್ಪಲ್ಲ. ಅದನ್ನು ಮತ್ತೆ ಹಾಕಿ, ಈ ಸಲ ಡಬ್ಬಿಯ ಕೆಳಭಾಗಕ್ಕೆ ಹೊರಗಿನ ಗಾಳಿ ತರುವ ಪ್ಲಾಸ್ಟಿಕ್ ಕೊಳವೆಯನ್ನು ಕಳಚಿ ಬದಿಗೆ ಸರಿಸಿ ಓಡಿಸಿದೆ. ಮೂರು ಸಾವಿರಕ್ಕೆ 91. ಕಾರು ಮುಂದಕ್ಕೆ ಹಾರಿದ ರೀತಿಗೆ ಪಕ್ಕದಲ್ಲಿದ್ದ ಹುಡುಗ ಡ್ಯಾಶ್‌ಬೋರ್ಡ್ ಹಿಡಿದುಕೊಂಡ.

ಆ ಕೊಳವೆ ಹೆಡ್‌ಲೈಟಿನ ಹಿಂದೆ ಸಾಗಿ ಎಡ ಮಡ್‌ಗಾರ್ಡಿನ ಒಳಗಿನ ಪೊಳ್ಳಿನಲ್ಲಿರುವ ಒಂದು ಪ್ಲಾಸ್ಟಿಕ್ ಡಬ್ಬಿಗೆ ಸೇರುತ್ತದೆ. ಸದ್ದು ತಗ್ಗಿಸಲು ಇಟ್ಟಿರುವ ರೆಸೊನೇಟರ್ ಅದು. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಮುಂದಿನ ಎಡ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಲೈನರಿನ ಮೂರು ಸ್ಕ್ರೂ ಮತ್ತು ಎಂಟು ಒತ್ತು ಕ್ಲಿಪ್ ತೆಗೆಯಬೇಕಾಯಿತು. ಕ್ಲಿಪ್ಪಿನ ನಡುವಿನ ಗುಬಟನ್ನು ಮೊದಲು ಎತ್ತಿ ಆಮೇಲೆ ಎಳೆಯಬೇಕೆಂದು ಗೊತ್ತಾದದ್ದು ಐದನ್ನು ಮುರಿದ ಮೇಲೆ. ಹತ್ತು ವರ್ಷದ ಪ್ಲಾಸ್ಟಿಕ್ ಆದ್ದರಿಂದ ಎಂಟನ್ನೂ ಬದಲಾಯಿಸಿದೆ, ಒಂದಕ್ಕೆ 15 ರೂ.

ರೆಸೊನೇಟರನ್ನು ಹೊರಗೆಳೆದು ಅಲುಗಿಸಿದರೆ ಒಳಗೆ ಏನೂ ಸದ್ದಾಗಲಿಲ್ಲ, ಅಷ್ಟು ಬಿಗಿಯಾಗಿ ತುಂಬಿತ್ತು. ಗೂಡಿನ ಹೊರಸುತ್ತು ಅಡಿಕೆ ಸಿಪ್ಪೆಯ ನಾರು, ಅದರ ಒಳಗೆ ಗೊಬ್ಬರದ ಚೀಲದ ಬಿಳಿ ಎಳೆಗಳು, ನಟ್ಟನಡುವೆ ಬಾನೆಟ್ಟಿನ ಸ್ಪಂಜು. ಸ್ಪಂಜಿನ ಜೊತೆ ಹಳದಿ ಬಟ್ಟೆಯ ಚೂರುಗಳು: ಜೂನ್‌ನಲ್ಲಿ ನಾನೇ ಬ್ಯಾಟರಿಯ ಮೇಲೆ ಮರೆತು ಬಿಟ್ಟಿದ್ದ ಕಾರು ಒರೆಸುವ ಬಟ್ಟೆ. ಒಂದು ಬದಿಯಲ್ಲಿ, ಬಹುಶಃ ಇಲಿಯ ಓಡಾಟದ ದಾರಿಯಾಗಿ, ಕಿರುಬೆರಳು ತೂರುವಷ್ಟು ಸಂದು ಉಳಿದಿತ್ತು. ನಾಲ್ಕು ಸಿಲಿಂಡರುಗಳೂ ಇಷ್ಟು ದಿನ ಉಸಿರಾಡಿದ್ದು ಆ ಸಂದಿನಿಂದ. ಘಾಟಿಯಲ್ಲಿ ಕೇಳಿದ ಸುಂಯ್ ಸದ್ದೂ ಅಲ್ಲಿಯದೇ. ಐಡಲ್‌ಗೂ ನ್ಯೂಟ್ರಲ್‌ನ ರೇಸಿಗೂ ಬೇಕಾದ ಗಾಳಿಗೆ ಅಷ್ಟು ದಾರಿ ಸಾಕಾಗುತ್ತಿತ್ತು. ಗೂಡು ಖಾಲಿಯಿತ್ತು, ಮರಿಗಳಿರಲಿಲ್ಲ.

ಇದನ್ನು ಮುಟ್ಟುವವರು ಗಮನಿಸಬೇಕು: ನಮ್ಮ ಕಡೆ ಇಲಿಜ್ವರ ಅಪರೂಪದ ಕಾಯಿಲೆಯಲ್ಲ, ಇಲಿಯ ಮೂತ್ರದಿಂದ ಗಾಯದ ಮೂಲಕವೂ ಹರಡುತ್ತದೆ. ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು, ಗೂಡಿಗೆ ಬ್ಲೀಚಿಂಗ್ ಪೌಡರಿನ ನೀರು ಚಿಮುಕಿಸಿ ಒದ್ದೆ ಮಾಡಿದ ಮೇಲೆಯೇ ಕಿತ್ತು ತೆಗೆದು ಹೂತುಹಾಕಿದೆ. ರೆಸೊನೇಟರನ್ನೂ ಕೊಳವೆಯನ್ನೂ ಸೋಪು ನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಎರಡು ಗಂಟೆ ಒಣಗಿಸಿ ಜೋಡಿಸಿದೆ. ಒಳಗೆ ನೀರು ನಿಂತಿದ್ದರೆ ಎಂಜಿನ್ ಎಳೆದುಕೊಳ್ಳುತ್ತದೆ.

ಸಂಜೆಯ ಅಳತೆ: 11.4, 11.6, 11.3 ಸೆಕೆಂಡು. ಮ್ಯಾಪ್ ಎರಡು ಸಾವಿರಕ್ಕೆ 93, ಮೂರು ಸಾವಿರಕ್ಕೆ 92, ನಾಲ್ಕು ಸಾವಿರಕ್ಕೆ 91.

ನವೆಂಬರ್ 16 ಮತ್ತು 17: ಜಾಲರಿ, ಮತ್ತೆ ಘಾಟಿ

ಮತ್ತೆ ಇಲಿ ಹೋಗದಿರಲೆಂದು ಜೋಡಿಸುವಾಗಲೇ ಗಾಳಿ ಒಳಬರುವ ಬಾಯಿಗೆ ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿಯನ್ನು 40 ರೂಪಾಯಿಗೆ ತಂದು ಕಟ್ಟಿದ್ದೆ. ಎರಡು ವಾರದ ಮೇಲೆ ಬಗ್ಗಿ ನೋಡಿದರೆ ಹುಳುಗಳ ರೆಕ್ಕೆ, ಕೆಸರಿನ ಸಿಡಿತ ಸೇರಿ ಮೂರರಲ್ಲಿ ಒಂದು ಭಾಗ ಮುಚ್ಚಿಹೋಗಿತ್ತು. ಮ್ಯಾಪ್ ಅಂಕಿ ಇನ್ನೂ ಬಿದ್ದಿರಲಿಲ್ಲ, ಆದರೆ ಒಂದು ಮಳೆಗಾಲ ಕಳೆದಿದ್ದರೆ ಇಲಿ ಮಾಡಿದ ಕೆಲಸವನ್ನು ಜಾಲರಿಯೇ ಮಾಡುತ್ತಿತ್ತು. ಅದನ್ನು ಕಿತ್ತು, 6 ಎಂ.ಎಂ. ಕಣ್ಣಿನ ವೆಲ್ಡ್ ಮಾಡಿದ ತಂತಿ ಜಾಲರಿಯನ್ನು 80 ರೂ. ಕೊಟ್ಟು ತಂದು ಸ್ಟೀಲ್ ಕ್ಲಾಂಪಿನಲ್ಲಿ ಬಿಗಿದೆ. ಸಣ್ಣ ಇಲಿಗೂ ಅದರಲ್ಲಿ ತೂರಲಾಗುವುದಿಲ್ಲ, ಕೆಸರೂ ನಿಲ್ಲುವುದಿಲ್ಲ.

ಭಾನುವಾರ ನಾಲ್ಕು ಜನರನ್ನು ಕೂರಿಸಿಕೊಂಡು ಸೋಮೇಶ್ವರದಿಂದ ಆಗುಂಬೆಗೆ ಏರಿದೆ. ಎದುರಿಗೆ ಮಿನಿ ಬಸ್ಸು ಬಂದು ನಿಲ್ಲಬೇಕಾದ ಎರಡು ತಿರುವುಗಳನ್ನು ಬಿಟ್ಟು ಉಳಿದುದನ್ನೆಲ್ಲ ಎರಡನೆಯ ಗೇರಿನಲ್ಲೇ ದಾಟಿತು.

ಒಟ್ಟು ಖರ್ಚು 3,470 ರೂ. ಇದರಲ್ಲಿ ಈ ದೋಷಕ್ಕೆ ನಿಜವಾಗಿ ಬೇಕಾಗಿದ್ದದ್ದು ಸ್ಕ್ಯಾನರ್, ಕ್ಲಿಪ್ ಮತ್ತು ಎರಡನೆಯ ಜಾಲರಿ ಸೇರಿ 950 ರೂ. ಪ್ಲಗ್ಗನ್ನೂ ಥ್ರಾಟಲ್ ಶುಚಿಗೊಳಿಸಿದ್ದನ್ನೂ ಸರ್ವಿಸ್ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ. ಟ್ಯಾಂಕಿಗೆ ಸುರಿದ ಬಾಟಲಿಯನ್ನು ಯಾವ ಲೆಕ್ಕಕ್ಕೂ ಬರೆದಿಲ್ಲ. ಬಾನೆಟ್ಟಿನ ಸ್ಪಂಜಿಗೆ ತೇಪೆ ಹಾಕುವುದು ಬಾಕಿ ಇದೆ. ಶೆಡ್ಡಿನಲ್ಲಿ ಒಂದು ಇಲಿಬೋನು ಇಟ್ಟಿದ್ದೇನೆ. ಅದಕ್ಕೆ ಈವರೆಗೆ ಒಂದು ಇಲಿಯೂ ಬಿದ್ದಿಲ್ಲ. ಸಿಕ್ಕಿಸಿಟ್ಟ ಕೊಬ್ಬರಿ ಚೂರು ಮಾತ್ರ ಎರಡು ಸಲ ಖಾಲಿಯಾಗಿದೆ.